ನಾಗತ್ತರನ ಕಲ್ಲು: ಬೇಗೂರಿನ ವೀರಶಾಸನದಲ್ಲಿ ನೆನಪಿನ ಸ್ವರೂಪ

1

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು ಶಾಸನಾಭ್ಯಾಸಿಗಳಿಗೆ ಎರಡು ಕಾರಣಗಳಿಂದ ಪರಿಚಿತವಾದ ಊರು. ಗಂಗರ ಎರೆಯಪ್ಪನ ಕಾಲದಲ್ಲಿ ತುಂಬೆಪಾಡಿ ಎಂಬಲ್ಲಿ ಆನೆಗಳೊಡನೆ ಹೋರಾಡಿ ಮಡಿದ ನಾಗತ್ತರನ ವೀರಗಲ್ಲು ದೊರೆತದ್ದು ಈ ಊರಿನಲ್ಲಿ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಊರಿನ ದೇವಾಲಯದ ಆವರಣದಲ್ಲಿರುವ ಮತ್ತೊಂದು ಕಲ್ಲು ನಾಗತ್ತರನ ಮನೆತನಕ್ಕೆ ಸೇರಿದವರು ಬೆಂಗಳೂರಿನ ಕಾಳಗದಲ್ಲಿ ಸತ್ತುದನ್ನು ಕೆಲವೇ ಮಾತುಗಳಲ್ಲಿ ತಿಳಿಸುತ್ತದೆ. ಎರಡೂ ಕಲ್ಲುಗಳು ಸುಮಾರು ಕ್ರಿ.ಶ. 900ರ ಆಸುಪಾಸಿನವು.

ಇವುಗಳಲ್ಲಿ ಹೆಚ್ಚು ಪ್ರಸಿದ್ಧಿ ಪಡೆದಿರುವುದು ಎರಡನೆಯದು. ಬೆಂದ ಕಾಳಿನ ಕಥೆಯನ್ನು ಅಲ್ಲಗಳೆಯುವಾಗಲೆಲ್ಲ, ನಗರದ ಹೆಸರು ಹನ್ನೊಂದು ಶತಮಾನಗಳಷ್ಟು ಹಳೆಯದೆಂದು ಸ್ಥಾಪಿಸುವಾಗಲೆಲ್ಲ ಈ ಕಲ್ಲನ್ನು ಸಾಕ್ಷಿಯಾಗಿ ಕರೆಯಲಾಗುತ್ತದೆ. ನಾಗತ್ತರನ ಕಲ್ಲಾದರೋ ಗಂಗ-ನೊಳಂಬರ ರಾಜಕೀಯ ಇತಿಹಾಸಕ್ಕೂ, ಆ ಕಾಲದ ಯುದ್ಧೋಪಕರಣಗಳ ಅಧ್ಯಯನಕ್ಕೂ, ಶಿಲ್ಪಕಲೆಯ ಚರಿತ್ರೆಗೂ ಆಕರವಾಗಿದೆ. ಈ ಬಳಕೆಗಳೆಲ್ಲವೂ ನ್ಯಾಯವಾದವೇ. ಆದರೆ ಕಲ್ಲನ್ನು ನಿಲ್ಲಿಸಿದವರ ಉದ್ದೇಶ ಇವು ಯಾವುವೂ ಆಗಿರಲಿಲ್ಲ. ಕಾದಾಡಿ ಸತ್ತ ಒಬ್ಬ ಮನುಷ್ಯನನ್ನು ನೆನೆಯಬೇಕೆಂಬುದು ಅವರ ಉದ್ದೇಶ. ಊರಿನ ಹೆಸರಿಗಾಗಿ ಕಲ್ಲನ್ನು ಓದುವವರು ಸತ್ತವರ ಹೆಸರನ್ನು ದಾಟಿ ಮುಂದೆ ಹೋಗುತ್ತಾರೆ. ನೆನಪಿಗೆಂದು ನಿಲ್ಲಿಸಿದ ಕಲ್ಲು ಪ್ರಸಿದ್ಧವಾಗಿಯೂ ನೆನಪು ಮರೆಯಾಗುವುದೆಂದರೆ ಹೀಗೆ.

ಕನ್ನಡ ಸಂಶೋಧನೆ ವೀರಗಲ್ಲುಗಳನ್ನು ಕಡೆಗಣಿಸಿಲ್ಲ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ವೀರನ ಸಾವನ್ನೂ ಒಡೆಯನೊಡನೆ ಅವನಿಗಿದ್ದ ಋಣಸಂಬಂಧವನ್ನೂ ಸಂಸ್ಕೃತಿಯ ಅಂಗಗಳಾಗಿ ನೋಡುವ ದಾರಿಯನ್ನು ತೆರೆದರು. ಆರ್. ಶೇಷಶಾಸ್ತ್ರಿಯವರು ಕರ್ನಾಟಕದ ವೀರಗಲ್ಲುಗಳನ್ನೇ ವಿಷಯವಾಗಿಸಿಕೊಂಡು ವಿಸ್ತಾರವಾದ ಅಧ್ಯಯನ ನಡೆಸಿದರು. ಎಸ್. ಶೆಟ್ಟರ್ ಅವರು ಗುಂಥರ್ ಸೊಂಥೈಮರ್ ಅವರೊಡನೆ 1982ರಲ್ಲಿ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ಈ ಪ್ರಕಾರವನ್ನು ಭಾರತದ ವ್ಯಾಪ್ತಿಯಲ್ಲಿಟ್ಟು ನೋಡಿತು. ಇವರ ಕೆಲಸದಿಂದ ವೀರಗಲ್ಲುಗಳ ವರ್ಗೀಕರಣ, ಕಾಲ, ಹರಹು, ಶಿಲ್ಪಲಕ್ಷಣಗಳು ಸ್ಪಷ್ಟವಾಗಿವೆ. ಈ ತಳಹದಿಯ ಮೇಲೆ ನಿಂತು, ಒಂದೇ ಒಂದು ವೀರಶಾಸನವನ್ನು ಸ್ಮರಣೆಯ ಪಠ್ಯವಾಗಿ ಓದಲು ಇಲ್ಲಿ ಪ್ರಯತ್ನಿಸಲಾಗಿದೆ. ನಾಗತ್ತರನ ಕಲ್ಲು ಏನನ್ನು ನೆನೆಯುತ್ತದೆ, ಹೇಗೆ ನೆನೆಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುವು ಈ ಓದಿನ ಪ್ರಶ್ನೆಗಳು.

2

ಬಿ. ಎಲ್. ರೈಸ್ ಮತ್ತು ಜೆ. ಎಫ್. ಫ್ಲೀಟ್ ಅವರ ಕಾಲದಿಂದಲೂ ವಿದ್ವಾಂಸರ ಗಮನ ಸೆಳೆದಿರುವ ಈ ಶಾಸನದಲ್ಲಿ ತೇದಿಯಿಲ್ಲ. ಮೊದಲಿಗೆ ಎರೆಯಪ್ಪನ ಪ್ರಶಸ್ತಿಯಿದೆ. ಗಂಗಕುಲವೆಂಬ ಆಕಾಶಕ್ಕೆ ಅವನನ್ನು ಚಂದ್ರನಾಗಿಸುವ, ದೀರ್ಘ ಸಂಸ್ಕೃತ ಸಮಾಸಗಳಿಂದ ಕೂಡಿದ ಭಾಗವಿದು. ಹಗೆಗಳನ್ನೆಲ್ಲ ಅಡಗಿಸಿ, ಗಂಗವಾಡಿ 96,000ವನ್ನು ಅವನು ಏಕಚ್ಛತ್ರದ ನೆರಳಿನಲ್ಲಿ ಆಳುತ್ತಿದ್ದನೆಂದು ಹೇಳಿದ ಮೇಲೆ ಶಾಸನದ ಭಾಷೆ ಒಮ್ಮೆಲೇ ಕನ್ನಡದ ನೆಲಕ್ಕೆ ಇಳಿಯುತ್ತದೆ. ಬೀರಮಹೇಂದ್ರನೊಡನೆ ಕಾದಲು ಅಯ್ಯಪದೇವನಿಗೆ ನೆರವಾಗಿ ನಾಗತ್ತರನನ್ನು ಸಾಮಂತರ ಸಹಿತ ಕಳುಹಿಸಿದ್ದು, ಅವನು ತುಂಬೆಪಾಡಿಯಲ್ಲಿ ಕಾದಿದ್ದು, ಆನೆಗಳಿಗೆ ಎದುರಾಗಿ ಇರಿದು ಸತ್ತದ್ದು, ಅದನ್ನು ಕೇಳಿ ಎರೆಯಪ್ಪನು ಮೆಚ್ಚಿದ್ದು, ಇರುಗನೆಂಬವನಿಗೆ ‘ನಾಗತ್ತರವಟ್ಟ’ವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ‘ಕಲ್ನಾಡು’ ಆಗಿ ಕೊಟ್ಟದ್ದು ಒಂದರ ಹಿಂದೊಂದು ಬರುತ್ತವೆ. ಆಮೇಲೆ ಊರುಗಳ ಪಟ್ಟಿಯಿದೆ. ಬೆಂಪೂರೆಂದರೆ ಇಂದಿನ ಬೇಗೂರು. ಪಟ್ಟಿಯಲ್ಲಿರುವ ಇಗ್ಗಲೂರಿನಂತಹ ಹೆಸರುಗಳು ಆ ಪ್ರದೇಶದಲ್ಲಿ ಇಂದಿಗೂ ಉಳಿದಿವೆ.

ಈ ಪಠ್ಯದ ಪ್ರಮಾಣಗಳು ಗಮನಾರ್ಹವಾಗಿವೆ. ಬದುಕಿರುವ ಅರಸನ ವರ್ಣನೆಗೆ ಮೊದಲ ಭಾಗ ಮೀಸಲು. ದಾನದ ವಿವರಕ್ಕೆ ಕೊನೆಯ ಭಾಗ ಮೀಸಲು. ಇವೆರಡರ ನಡುವೆ ನಾಗತ್ತರನ ಸಾವು ಕೆಲವೇ ಕ್ರಿಯಾಪದಗಳಲ್ಲಿ ಮುಗಿಯುತ್ತದೆ. ಅವನ ವಯಸ್ಸು, ರೂಪ, ಹಿಂದಿನ ಸಾಹಸಗಳು, ಕೊನೆಯ ಮಾತು ಇವು ಯಾವುವೂ ಇಲ್ಲಿಲ್ಲ. ಕಾಳಗವನ್ನು ಗೆದ್ದವರು ಯಾರು ಎಂಬುದನ್ನೂ ಶಾಸನ ಬಾಯಿಬಿಟ್ಟು ಹೇಳುವುದಿಲ್ಲ. ಅನೇಕ ವೀರಶಾಸನಗಳಲ್ಲಿ ಕಾಣುವ ಸ್ವರ್ಗಗಮನದ ಮಾತೂ ಈ ಕಥನದಲ್ಲಿ ಮುಂದೆ ಬರುವುದಿಲ್ಲ. ಸತ್ತನೆಂಬ ನೇರವಾದ ಮಾತೇ ಸಾಕೆಂದು ಶಾಸನಕಾರನಿಗೆ ತೋರಿದೆ.

ಇದನ್ನು ಶಾಸನಕಾರನ ಬಡತನವೆಂದು ಎಣಿಸಲಾಗದು. ಪ್ರಶಸ್ತಿಯ ಭಾಗವನ್ನು ಬರೆದವನಿಗೆ ಅಲಂಕಾರಗಳ ಕೊರತೆಯಿರಲಿಲ್ಲ. ಅಲಂಕಾರವೆಲ್ಲವನ್ನೂ ಆಳುವವನಿಗೆ ಸಲ್ಲಿಸಿ, ಸತ್ತವನಿಗೆ ಬರಿಯ ಕ್ರಿಯಾಪದಗಳನ್ನು ಉಳಿಸಿದ್ದಾನೆ. ಫಲವಾಗಿ ಇಂದಿನ ಓದುಗನ ಮನಸ್ಸಿನಲ್ಲಿ ಉಳಿಯುವುದು ಆ ಕ್ರಿಯಾಪದಗಳೇ. ಎರೆಯಪ್ಪನ ವಿಶೇಷಣಗಳು ಬೇರೆ ಅರಸರಿಗೂ ಹೊಂದುವಂಥವು. ಆನೆಗಳಿಗೆ ಎದುರಾಗಿ ಇರಿದು ಸತ್ತದ್ದು ನಾಗತ್ತರನೊಬ್ಬನಿಗೆ ಸೇರಿದ ವಿವರ. ಸಾಮಾನ್ಯ ಪ್ರಶಂಸೆ ಅರಸನ ಪಾಲಿಗೆ, ನಿರ್ದಿಷ್ಟ ಸಂಗತಿ ವೀರನ ಪಾಲಿಗೆ ಎಂಬ ಈ ಹಂಚಿಕೆಯಲ್ಲಿ ವೀರನೇ ಹೆಚ್ಚು ಪಡೆದಿದ್ದಾನೆ.

3

ಪಠ್ಯ ಬಿಟ್ಟದ್ದನ್ನು ಶಿಲ್ಪ ತುಂಬಿಕೊಡುತ್ತದೆ. ವೀರಗಲ್ಲೆಂದರೆ ಸಾಮಾನ್ಯವಾಗಿ ಕಣ್ಣಮುಂದೆ ಬರುವುದು ಮೂರು ಹಂತಗಳ ವಿನ್ಯಾಸ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ದೇವರ ಸನ್ನಿಧಿ. ಬೇಗೂರಿನ ಕಲ್ಲಿನಲ್ಲಿ ನೋಡುಗನನ್ನು ಹಿಡಿದಿಡುವುದು ಕಾಳಗವೇ. ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ಆ ದೃಶ್ಯದಲ್ಲಿ ಖಾಲಿ ಜಾಗವೇ ಇಲ್ಲವೆನ್ನಬಹುದು.

ಈ ಕಲ್ಲಿನ ಮುಂದೆ ನಿಂತು ಅಕ್ಷರಗಳನ್ನೂ ಆಕೃತಿಗಳನ್ನೂ ಕೂಡಿಸಿ ಓದಿದಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಶಾಸನದಲ್ಲಿ ಹೆಸರುಗೊಂಡು ಸಾಯುವವನು ಒಬ್ಬನೇ. ಶಿಲ್ಪದಲ್ಲಿ ಕಾದುವವರು ಹಲವರು. ಸಾಮಂತರ ಸಹಿತ ಹೊರಟ ದಂಡಿನಲ್ಲಿ ನಾಗತ್ತರನ ಜೊತೆಗೆ ಮಡಿದವರು ಎಷ್ಟು ಮಂದಿಯೋ, ಅವರಿಗೆ ಅಕ್ಷರದ ಭಾಗ್ಯ ದೊರೆಯಲಿಲ್ಲ. ಆದರೆ ಶಿಲ್ಪಿ ಅವರನ್ನು ಬಿಟ್ಟಿಲ್ಲ. ಹೆಸರಿಲ್ಲದೆಯೂ ಮೈಯೊಂದನ್ನು ಅವರಿಗೆ ಕೊಟ್ಟಿದ್ದಾನೆ. ಪಠ್ಯವು ನಾಯಕನ ಸ್ಮಾರಕವಾದರೆ, ಚಿತ್ರವು ಪಡೆಯ ಸ್ಮಾರಕ. ಒಂದೇ ಕಲ್ಲಿನೊಳಗೆ ನೆನಪಿನ ಈ ಎರಡು ಅಳತೆಗಳು ಒಂದಕ್ಕೊಂದು ತಾಳೆಯಾಗದೆ ಉಳಿದಿವೆ. ಶಾಸನಪಾಠವನ್ನು ಮಾತ್ರ ಮುದ್ರಿಸಿ ಶಿಲ್ಪವನ್ನು ಅನುಬಂಧವೆಂದು ಭಾವಿಸುವ ರೂಢಿಯಿಂದ ಈ ಒಳಬಿರುಕು ಓದುಗನ ಕಣ್ಣಿಗೆ ಬೀಳದೆ ಹೋಗುತ್ತದೆ. ವೀರಶಾಸನದ ವಿಮರ್ಶೆ ಅಕ್ಷರವಿಮರ್ಶೆಗೆ ಸೀಮಿತವಾಗಬಾರದೆಂಬುದಕ್ಕೆ ಇದೇ ಕಾರಣ.

4

ಶಾಸನದ ಜೀವಾಳ ಅದರ ಕೊನೆಯ ಭಾಗದಲ್ಲಿದೆ. ಎರೆಯಪ್ಪನು ಸತ್ತ ಸುದ್ದಿಯನ್ನು ‘ಕೇಳಿ’ ಮೆಚ್ಚುತ್ತಾನೆ. ಎಂದರೆ ಶೌರ್ಯವನ್ನು ಮನ್ನಿಸುವವನು ಶೌರ್ಯದ ಕ್ಷಣದಲ್ಲಿ ಅಲ್ಲಿರಲಿಲ್ಲ. ಕಣ್ಣಾರೆ ಕಂಡವರು ಬಂದು ಹೇಳಬೇಕು, ಒಡೆಯನು ಕೇಳಬೇಕು, ಕೇಳಿದ್ದು ಕಲ್ಲಿಗೆ ಏರಬೇಕು. ಯುದ್ಧಭೂಮಿಗೂ ಕಲ್ಲಿಗೂ ನಡುವೆ ಒಬ್ಬ ಸಾಕ್ಷಿದಾರನಿದ್ದಾನೆ. ಅವನ ಹೆಸರು ಶಾಸನದಲ್ಲಿಲ್ಲವಾದರೂ ಅವನಿಲ್ಲದೆ ಈ ಶಾಸನವಿಲ್ಲ. ಇಂದಿನ ಶೌರ್ಯ ಪ್ರಶಸ್ತಿಗಳ ಪ್ರಶಸ್ತಿಪತ್ರವೂ ಹೀಗೆಯೇ ಹುಟ್ಟುತ್ತದೆ: ಜೊತೆಯಲ್ಲಿದ್ದವರ ಹೇಳಿಕೆ, ಮೇಲಧಿಕಾರಿಗಳ ಶಿಫಾರಸು, ಪ್ರಭುತ್ವದ ಮನ್ನಣೆ, ಆಮೇಲೆ ಲಿಖಿತ ಪಠ್ಯ. 1950ರ ಜನವರಿ 26ರಂದು ಸ್ಥಾಪಿತವಾದ ಪರಮವೀರ ಚಕ್ರದ ಪ್ರಶಸ್ತಿಪತ್ರಗಳಿಗೂ ಸಾವಿರ ವರ್ಷ ಹಿಂದಿನ ಈ ಕಲ್ಲಿಗೂ ಸಂಪ್ರದಾಯದ ನೇರ ಸಂಬಂಧವಿಲ್ಲ. ಆದರೂ ಯಾವ ಆಜ್ಞೆಯ ಮೇರೆಗೆ ಹೋದನು, ಎಲ್ಲಿ ಕಾದಿದನು, ಯಾವುದಕ್ಕೆ ಎದುರಾದನು, ಹೇಗೆ ಸತ್ತನು ಎಂಬ ಕ್ರಮದಲ್ಲಿ ಎರಡೂ ಒಂದೇ ವ್ಯಾಕರಣವನ್ನು ಪಾಲಿಸುತ್ತವೆ.

ಬೇಗೂರಿನ ಶಾಸನ ಬೇರೆಯಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ. ‘ವಟ್ಟ’ವೆಂದರೆ ಪಟ್ಟ, ಹಣೆಗೆ ಕಟ್ಟುವ ಪಟ್ಟಿ. ನಾಗತ್ತರನೆಂಬ ಹೆಸರೇ ಇಲ್ಲಿ ಪಟ್ಟವಾಗಿ ಇರುಗನ ಹಣೆಯನ್ನೇರುತ್ತದೆ. ಇರುಗನು ಸತ್ತವನಿಗೆ ಏನಾಗಬೇಕೆಂಬುದನ್ನು ಶಾಸನ ಹೇಳುವುದಿಲ್ಲ. ಬಂಧುವೇ ಆಗಿದ್ದಿರಬಹುದೆಂಬ ಊಹೆ ಸಹಜವಾದುದು. ಶಾಸನಕ್ಕೆ ಮುಖ್ಯವಾದದ್ದು ರಕ್ತಸಂಬಂಧಕ್ಕಿಂತ ಸ್ಥಾನಸಂಬಂಧ. ನಾಗತ್ತರನು ಸತ್ತ ಮೇಲೂ ನಾಗತ್ತರನೊಬ್ಬನು ಇರಬೇಕು; ಬೆಂಪೂರಿನ ಹನ್ನೆರಡು ಊರುಗಳಿಗೆ ಅವನು ಒಡೆಯನಾಗಿರಬೇಕು; ಅರಸನ ದಂಡಿಗೆ ಮುಂದಾಳು ತಪ್ಪಬಾರದು.

‘ಕಲ್ನಾಡು’ ಎಂಬ ಮಾತಿಗೆ, ಮಡಿದವನ ಕಲ್ಲಿಗೆ ಸಂಬಂಧಿಸಿದಂತೆ ಬಿಟ್ಟುಕೊಟ್ಟ ಭೂಮಿ ಎಂಬ ಅರ್ಥ ಸಾಮಾನ್ಯವಾಗಿ ಬಳಕೆಯಲ್ಲಿದೆ. ಶಾಸನಗಳಲ್ಲಿ ಬರುವ ‘ನೆತ್ತರುಗೊಡಗೆ’, ‘ಬಾಳ್ಗಚ್ಚು’ ಎಂಬ ಮಾತುಗಳೂ ಇದೇ ಬಳಗದವು. ಒಂದು ಸುರಿದ ನೆತ್ತರಿಗೆ ಕೊಟ್ಟ ಕೊಡುಗೆ, ಮತ್ತೊಂದು ಕತ್ತಿ ತೊಳೆದುದರ ನೆಪದಲ್ಲಿ ಕೊಟ್ಟ ಭೂಮಿ. ಈ ಪಾರಿಭಾಷಿಕ ಪದಗಳು ಹೇಳುವ ಸತ್ಯವೊಂದಿದೆ. ಹಳಗನ್ನಡದ ಸಮಾಜಕ್ಕೆ ವೀರಸ್ಮರಣೆ ಮನಸ್ಸಿನ ವ್ಯಾಪಾರ ಮಾತ್ರವಾಗಿರಲಿಲ್ಲ. ಅದು ಎಲ್ಲೆ ಗುರುತಿಸಿದ, ತೆರಿಗೆಯ ಲೆಕ್ಕಕ್ಕೆ ಒಳಪಟ್ಟ, ಬೆಳೆ ಬೆಳೆಯುವ ನೆಲವಾಗಿತ್ತು. ನೆನಪಿಗೆ ಹೊಲದ ಆಧಾರವಿರಬೇಕೆಂಬ ತಿಳುವಳಿಕೆ ಶಾಸನಕಾರರಿಗೆ ಇತ್ತು. ದಾನದ ಊರುಗಳ ಪಟ್ಟಿಯನ್ನು ಇಂದಿನ ಓದುಗ ನೀರಸವೆಂದು ದಾಟಿಬಿಡುವ ಸಂಭವವಿದೆ. ವಾಸ್ತವವಾಗಿ ಅದೇ ಶಾಸನದ ಅತ್ಯಂತ ಬಿಗಿಯಾದ ಭಾಗ. ಮೆಚ್ಚುಗೆ ಮಾತಿನಲ್ಲಿ ಉಳಿಯದೆ ಕೊಡುಗೆಯಾಗಿ ಇಳಿದುದಕ್ಕೆ ಅದು ಪ್ರಮಾಣ.

ಆದರೆ ಇದಕ್ಕೆ ತೆತ್ತ ಬೆಲೆಯೂ ಇದೆ. ಹೆಸರು ಪಟ್ಟವಾದ ಕ್ಷಣದಲ್ಲಿ ಅದು ಒಬ್ಬ ಮನುಷ್ಯನಿಗೆ ಮಾತ್ರ ಸೇರಿದ್ದಾಗಿ ಉಳಿಯುವುದಿಲ್ಲ. ನಾಗತ್ತರನ ಹೆಸರನ್ನು ಉಳಿಸಿದ ಉಪಾಯವೇ ಅವನ ವ್ಯಕ್ತಿತ್ವವನ್ನು ಅಳಿಸುತ್ತದೆ. ತುಂಬೆಪಾಡಿಯಲ್ಲಿ ಸತ್ತವನ ಮೂಲ ಹೆಸರೇ ನಾಗತ್ತರನೋ, ಅಥವಾ ಅದು ಅವನಿಗೂ ಹಿಂದಿನವರಿಂದ ಬಂದ ಪಟ್ಟವೋ ಎಂಬ ಸಂಶಯಕ್ಕೂ ಇಲ್ಲಿ ಎಡೆಯಿದೆ. ಅವನನ್ನು ಕಳೆದುಕೊಂಡ ಮನೆಯ ದುಃಖಕ್ಕೆ ಈ ಪಠ್ಯದಲ್ಲಿ ಒಂದು ಪದವೂ ಇಲ್ಲ. ತಾಯಿ, ಹೆಂಡತಿ, ಮಕ್ಕಳು ಕಾಣಿಸಿಕೊಳ್ಳುವುದಿಲ್ಲ. ಶಾಸನ ಮಾತಾಡುವುದು ಕೊಟ್ಟವನ ದನಿಯಲ್ಲಿ. ಸ್ಮರಣೆಯ ಒಡೆತನ ಒಡೆಯನದು.

5

ಈ ಓದನ್ನು ಪರೀಕ್ಷಿಸಲು ಅರ್ಧ ಶತಮಾನದ ಅನಂತರದ ಆತಕೂರಿನ ಶಾಸನವನ್ನು ಪಕ್ಕದಲ್ಲಿಟ್ಟು ನೋಡಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಈ ಶಾಸನ 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧ ಇದರ ಹಿನ್ನೆಲೆ. ಆ ಯುದ್ಧದಲ್ಲಿ ಸಗರವಂಶದ ಮಣಲೇರನು ತೋರಿದ ಶೌರ್ಯಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬಳಿಕ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಅದರೊಡನೆಯೇ ಸತ್ತಿತು. ಕಲ್ಲು ನಿಂತದ್ದು ಆ ನಾಯಿಗಾಗಿ. ಮಣಲೇರನಿಗೆ ಬಾಳ್ಗಚ್ಚಾಗಿ ಆತಕೂರು ಹನ್ನೆರಡು ಮುಂತಾದ ಭೂಮಿಯೂ ದೊರೆಯಿತು.

ಎರಡು ಶಾಸನಗಳೂ ಮೆಚ್ಚು ಮತ್ತು ಕೊಡುಗೆಗಳ ಒಂದೇ ಚೌಕಟ್ಟಿನಲ್ಲಿ ನಡೆಯುತ್ತವೆ. ಆದರೆ ಆತಕೂರಿನಲ್ಲಿ ಒಡೆಯನ ಯೋಜನೆಗೆ ಸಿಗದ ಸಂಗತಿಯೊಂದು ನುಸುಳಿದೆ. ಬದುಕುಳಿದ ಯೋಧನು ತಾನು ಪ್ರೀತಿಸಿದ ಜೀವವನ್ನು ತಾನೇ ನೆನೆಯುತ್ತಾನೆ. ನಾಯಿಯ ಸ್ಥಾನಕ್ಕೆ ಇನ್ನೊಂದು ನಾಯಿಯನ್ನು ಕೂರಿಸುವ ಮಾತು ಅಲ್ಲಿಲ್ಲ. ಕಲ್ಲನ್ನು ಪೂಜಿಸುವ ಹೊಣೆಹೊತ್ತ ಗೊರವನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುತ್ತಾನೆಂಬ ಶಾಪವಾಕ್ಯ ಸ್ಮರಣೆಯನ್ನು ದಿನದ ಊಟಕ್ಕೇ ಕಟ್ಟಿಹಾಕಿದೆ. ಬೇಗೂರಿನ ನೆನಪು ಸ್ಥಾನವನ್ನು ತುಂಬುತ್ತದೆ. ಆತಕೂರಿನ ನೆನಪು ತೆರವನ್ನು ತೆರವಾಗಿಯೇ ಉಳಿಸುತ್ತದೆ. ಕನ್ನಡ ವೀರಶಾಸನಗಳ ಲೋಕದಲ್ಲಿ ಇವೆರಡೂ ಸಾಧ್ಯವಿದ್ದವೆಂಬುದು ಮುಖ್ಯ. ವೀರಗಲ್ಲುಗಳೆಲ್ಲ ಪ್ರಭುತ್ವದ ಮೌಲ್ಯಗಳ ಪ್ರಚಾರವೆಂದು ಒಂದೇ ಏಟಿಗೆ ತೀರ್ಮಾನಿಸುವವರಿಗೆ ಆತಕೂರು ಉತ್ತರವಾದರೆ, ಅವೆಲ್ಲ ನಿರ್ಮಲವಾದ ಜನಮನದ ಅಭಿವ್ಯಕ್ತಿಯೆಂದು ಭಾವಿಸುವವರಿಗೆ ಬೇಗೂರು ಉತ್ತರವಾಗುತ್ತದೆ.

6

ಬೇಗೂರಿಗೂ ಆತಕೂರಿಗೂ ನಡುವೆ, 941ರಲ್ಲಿ ಪಂಪನ ‘ವಿಕ್ರಮಾರ್ಜುನವಿಜಯ’ ರಚಿತವಾಯಿತೆಂಬುದನ್ನು ಇಲ್ಲಿ ನೆನೆಯಬೇಕು. ಶಾಸನಗಳ ವೀರನನ್ನು ಬಿಗಿದ ಅನ್ನದ ಋಣ, ಒಡೆಯನಿಗೆ ಕೊಟ್ಟ ಭಾಷೆ, ಸಾವಿನ ಸಿದ್ಧತೆ ಇವೇ ಪಂಪನ ಕರ್ಣನ ಬದುಕಿನ ಸೂತ್ರಗಳು. ಕಾವ್ಯದ ನಾಯಕ ಅರ್ಜುನ. ಅವನೊಡನೆ ಸಮೀಕೃತನಾದವನು ಕವಿಯ ಆಶ್ರಯದಾತ ಅರಿಕೇಸರಿ. ಆದರೂ ಕರ್ಣಾವಸಾನದಲ್ಲಿ ಪಂಪನು ಭಾರತಕಥೆಯ ಇತರರನ್ನೆಲ್ಲ ಬದಿಗಿಟ್ಟು ಕರ್ಣನ ಸ್ಮರಣೆಯನ್ನೇ ಎತ್ತಿಹಿಡಿಯುತ್ತಾನೆ. ತನ್ನ ಒಡೆಯನ ಪ್ರತಿರೂಪವಾದ ನಾಯಕನ ಕೈಯಲ್ಲಿ ಹತನಾದವನನ್ನು ನೆನೆಯಬೇಕೆಂದು ಹೇಳುವ ಧೈರ್ಯ ಅದು.

ಶಾಸನಕ್ಕೆ ಈ ಸ್ವಾತಂತ್ರ್ಯವಿಲ್ಲ. ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಪಡೆಯಲ್ಲೂ ಸತ್ತವರಿದ್ದಾರು. ಎರೆಯಪ್ಪನ ಆಣತಿಯ ಕಲ್ಲು ಅವರನ್ನು ಹೆಸರಿಸಲಾರದು. ಕಲ್ಲಿಗೆ ಪಕ್ಷವುಂಟು, ಕಾವ್ಯ ಪಕ್ಷವನ್ನು ಮೀರಬಲ್ಲದು. ಹಾಗೆಂದು ಕಾವ್ಯವೇ ಹಿರಿದೆಂಬ ತೀರ್ಮಾನಕ್ಕೆ ಅವಸರಪಡಬೇಕಿಲ್ಲ. ಕರ್ಣನು ಕವಿಗೆ ಪರಂಪರೆಯಿಂದ ಬಂದ ಪಾತ್ರ. ಅವನ ಸಾವಿನಿಂದ ಯಾವ ಊರಿನ ಮನೆಯೂ ತೆರವಾಗಲಿಲ್ಲ. ನಾಗತ್ತರನು ಬೆಂಪೂರಿನಿಂದ ಹೊರಟು ಹಿಂದಿರುಗದೆ ಹೋದವನು. ಕಾವ್ಯ ಸ್ಮರಣೆಯನ್ನು ವಿಶಾಲಗೊಳಿಸಿತು, ಶಾಸನ ಅದನ್ನು ಹೊಣೆಯಾಗಿಸಿತು. ಹತ್ತನೆಯ ಶತಮಾನದ ಕನ್ನಡ ಈ ಎರಡು ದಾರಿಗಳನ್ನೂ ಬಲ್ಲುದಾಗಿತ್ತು. ಪಂಪನು ಸ್ವತಃ ಕಲಿಯೂ ಕವಿಯೂ ಆಗಿದ್ದುದು, ಒಡೆಯನ ಮೆಚ್ಚಿಗೆ ಅವನಿಗೆ ಅಗ್ರಹಾರದ ರೂಪದಲ್ಲಿ ದೊರೆತದ್ದು ಈ ದಾರಿಗಳು ಒಂದೇ ನೆಲದಲ್ಲಿ ಹಾದುಹೋಗಿದ್ದುವೆಂಬುದಕ್ಕೆ ಸಾಕ್ಷಿ.

7

ಈ ಚರ್ಚೆಗೆ ವರ್ತಮಾನದ ಪ್ರಸಕ್ತಿಯುಂಟು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ, ಸುಮಾರು 750ರ ಕಾಲದ, ಗಂಗ ಶ್ರೀಪುರುಷನ ಆಳಿಕೆಗೆ ಸೇರಿದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದಿತು. ಆಸಕ್ತ ನಾಗರಿಕರ ಪ್ರಯತ್ನದಿಂದ ಅದಕ್ಕೊಂದು ಮಂಟಪವೂ ದೊರೆಯಿತು. ಹೆಬ್ಬಾಳದ ಪ್ರಾಚೀನತೆಗೆ ಅದು ಪುರಾವೆಯಾಯಿತೆಂಬುದೇ ಹೆಚ್ಚು ಸುದ್ದಿಯಾದರೂ, ಬಡಾವಣೆಯ ಜನ ಕಲ್ಲನ್ನು ಕಿತ್ತಯ್ಯನ ಹೆಸರಿನಿಂದಲೇ ಗುರುತಿಸತೊಡಗಿದರು. ಬೇಗೂರಿನ ಕಾಳಗದ ಕಲ್ಲಿಗೆ ದೊರೆಯದ ನ್ಯಾಯ ಈ ಕಲ್ಲಿಗೆ ಒಂದಿಷ್ಟು ದೊರೆತಿದೆ.

ಆಧುನಿಕ ಪ್ರಭುತ್ವದ ಸ್ಮಾರಕಗಳಲ್ಲೂ ಹಳೆಯ ಪ್ರಶ್ನೆಗಳು ಮರುಕಳಿಸಿವೆ. 2019ರ ಫೆಬ್ರವರಿ 25ರಂದು ದೆಹಲಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧಸ್ಮಾರಕದ ಗೋಡೆಗಳು ಸ್ವಾತಂತ್ರ್ಯಾನಂತರ ಮಡಿದ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಯೋಧರ ಹೆಸರುಗಳನ್ನು ಒಂದೊಂದಾಗಿ ಹೊತ್ತಿವೆ. ಬೇಗೂರಿನ ಶಿಲ್ಪದಲ್ಲಿ ಮೈಯಿದ್ದೂ ಹೆಸರಿಲ್ಲದೆ ನಿಂತ ಕಾಲಾಳಿಗೆ ಅಲ್ಲಿ ಹೆಸರು ಬಂದಿದೆ, ಮೈ ಹೋಗಿದೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದ ಏಕಶಿಲಾ ಕಂಬಕ್ಕೆ ‘ವೀರಗಲ್ಲು’ ಎಂಬ ಹೆಸರನ್ನೇ ಇಡಲಾಗಿದೆ. ಹಳೆಯ ಪದವನ್ನು ಉಳಿಸಿಕೊಂಡದ್ದು ಸ್ವಾಗತಾರ್ಹ. ಆದರೆ ಆ ಪದದ ಜೊತೆಗೆ ಅದರ ಅರ್ಥವನ್ನೂ ಎತ್ತಿಕೊಳ್ಳಬೇಕಾಗುತ್ತದೆ. ಹಳೆಯ ವೀರಗಲ್ಲಿನ ಶಕ್ತಿ ಅದರ ಎತ್ತರದಲ್ಲಿ ಇರಲಿಲ್ಲ. ಇಂಥವನು, ಇಂಥವನ ಆಣತಿಯಿಂದ, ಇಂಥ ಊರಿನಲ್ಲಿ, ಇಂಥದಕ್ಕೆ ಎದುರಾಗಿ ಸತ್ತನು, ಅದಕ್ಕಾಗಿ ಇಂಥ ನೆಲವನ್ನು ಕೊಟ್ಟೆವು ಎಂಬ ನಿರ್ದಿಷ್ಟತೆ ಅದರ ಶಕ್ತಿಯಾಗಿತ್ತು. ಕಳುಹಿಸಿದವನ ಹೆಸರೂ ಸತ್ತವನ ಹೆಸರೂ ಒಂದೇ ಕಲ್ಲಿನ ಮೇಲಿರುವುದರಿಂದ ಕಳುಹಿಸಿದವನು ಹೊಣೆಯಿಂದ ನುಣುಚಿಕೊಳ್ಳುವಂತಿರಲಿಲ್ಲ.

ನಾಗತ್ತರನ ಶಾಸನ ಒಡೆಯನ ದನಿಯಲ್ಲಿ ಮಾತಾಡುತ್ತದೆ, ಮನೆಯ ದುಃಖವನ್ನು ಕೇಳಿಸುವುದಿಲ್ಲ, ಜೊತೆಗೆ ಸತ್ತವರನ್ನು ಹೆಸರಿಸುವುದಿಲ್ಲ. ಈ ಮಿತಿಗಳನ್ನು ಮರೆಮಾಡದೆ ಓದಿದಾಗಲೂ ಅದರಲ್ಲಿ ಉಳಿಯುವುದೊಂದಿದೆ. ಹೊಗಳಿಕೆಯ ಮಾತೊಂದರಿಂದಲೇ ಸತ್ತವನ ಋಣ ತೀರುವುದೆಂದು ಈ ಶಾಸನ ನಂಬಿಲ್ಲ. ಬೆಂಪೂರು ಹನ್ನೆರಡರ ಪಟ್ಟಿ ಆ ಅಪನಂಬಿಕೆಯ ದಾಖಲೆ. ಬೇಗೂರಿನ ಕಲ್ಲುಗಳನ್ನು ನಗರದ ಹೆಸರಿಗಾಗಿಯೋ ರಾಜವಂಶದ ಕಾಲನಿರ್ಣಯಕ್ಕಾಗಿಯೋ ಮುಂದೆಯೂ ಓದಲಾಗುವುದು. ಹಾಗೆ ಓದುವ ಮೊದಲು ಸತ್ತವನ ಹೆಸರನ್ನೊಮ್ಮೆ ಉಚ್ಚರಿಸುವುದು ಸಂಶೋಧನೆಯ ಶಿಸ್ತಿಗೆ ಹೊರತಾದುದಲ್ಲ. ಪಠ್ಯವೊಂದನ್ನು ಅದರ ಉದ್ದೇಶವರಿತು ಓದುವುದೇ ವಿಮರ್ಶೆಯ ಮೊದಲ ಪಾಠವಾದ್ದರಿಂದ, ಅದು ಆ ಶಿಸ್ತಿನ ಆರಂಭವೇ ಆಗಿದೆ.